ಸೌರ ವಿಮಾನ ನಿಲ್ಲದೆ ಭೂಮಿ ಸುತ್ತಿತೇ?

ಹನಿ ಇಂಧನವಿಲ್ಲದೆ, ಎಲ್ಲೂ ಇಳಿಯದೆ ವಿಮಾನವೊಂದು ಭೂಮಿಯನ್ನೇ ಸುತ್ತಿತು ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಸೋಲಾರ್ ಇಂಪಲ್ಸ್ 2 ಬಿಸಿಲಿನ ಬಲದಿಂದಲೇ ಭೂಮಿ ಸುತ್ತಿದ್ದು ಹೌದು. ಇಳಿಯದೆ ಸುತ್ತಿದ್ದು ಮಾತ್ರ ಸುಳ್ಳು.

2015ರ ಮಾರ್ಚ್‌ನಲ್ಲಿ ಅಬುಧಾಬಿಯಿಂದ ಹೊರಟ ಅದು ಮರಳಿದ್ದು 2016ರ ಜುಲೈನಲ್ಲಿ, 17 ಹಂತಗಳಲ್ಲಿ. ನಮ್ಮ ಅಹಮದಾಬಾದ್, ವಾರಾಣಸಿಗಳಲ್ಲೂ ಇಳಿದಿತ್ತು. ರೆಕ್ಕೆಯ ಹರವು 72 ಮೀಟರ್, ತೂಕ ಸುಮಾರು 2.3 ಟನ್, ಸೀಟು ಒಂದೇ. ಜಪಾನಿನ ನಗೋಯಾದಿಂದ ಹವಾಯಿಗೆ ಸುಮಾರು 118 ಗಂಟೆ ಒಬ್ಬರೇ ಹಾರಿಸಿದರು, ಆಗಾಗ ಇಪ್ಪತ್ತು ನಿಮಿಷದ ಕೋಳಿನಿದ್ದೆಯಲ್ಲೇ! ಆ ಹಾರಾಟದಲ್ಲಿ ಬ್ಯಾಟರಿಗಳು ಅತಿಯಾಗಿ ಕಾದು ಹಾಳಾದವು. ವಿಮಾನ ಒಂಬತ್ತು ತಿಂಗಳಿಗೂ ಹೆಚ್ಚು ಅಲ್ಲೇ ನಿಂತಿತು.

ನಿಲ್ಲದೆ, ನಡುವೆ ಇಂಧನ ತುಂಬಿಸಿಕೊಳ್ಳದೆ ಮೊದಲು ಸುತ್ತಿದ್ದು ವಾಯೇಜರ್ ಎಂಬ ಬೇರೆ ವಿಮಾನ, 1986ರ ಡಿಸೆಂಬರ್‌ನಲ್ಲಿ, ಒಂಬತ್ತು ದಿನದಲ್ಲಿ. ಅದು ಹೊರಟಾಗ ತೂಕದ ಮುಕ್ಕಾಲು ಪಾಲಿನಷ್ಟು ಪೆಟ್ರೋಲೇ! ಎರಡೂ ಕಥೆ ಎಲ್ಲೋ ಬೆರೆತಂತಿದೆ.

ಪರೀಕ್ಷಿಸಲು ಎಂಜಿನಿಯರ್ ಆಗಬೇಕಿಲ್ಲ. ಭೂಮಿಯ ಸುತ್ತಳತೆ 40,000 ಕಿ.ಮೀ. ಸೋಲಾರ್ ಇಂಪಲ್ಸ್ 2ರಂತೆ ಗಂಟೆಗೆ ಸುಮಾರು 75 ಕಿ.ಮೀ. ವೇಗ ಅಂದರೆ 22 ದಿನಕ್ಕೂ ಹೆಚ್ಚು. ಒಂದೇ ಸೀಟಿನಲ್ಲಿ ಅಷ್ಟು ದಿನ? ಇಲ್ಲೇ ಅನುಮಾನ ಬರಬೇಕು. ಆಮೇಲೆ ವಿಮಾನದ ಹೆಸರು ಹಾಕಿ, ಹೊರಟ ದಿನ, ಮುಟ್ಟಿದ ದಿನ ಎರಡನ್ನೂ ಹುಡುಕಿ. ಸಂದೇಶದಲ್ಲಿ ಹೆಸರೂ ಇಲ್ಲ, ಇಸವಿಯೂ ಇಲ್ಲ ಅಂದರೆ ಫಾರ್ವರ್ಡ್ ಮಾಡಲು ಅವಸರವೇನಿಲ್ಲ.