ಯಂತ್ರಕ್ಕೆ ದುಡ್ಡಿದೆ, ಕೋಡ್ ಕಾಯುವವರಿಗಿಲ್ಲ

ನ್ಯಾನೊ ಸಂಶೋಧನೆಯ ಹಣ ಪ್ರಯೋಗಾಲಯಗಳಿಗೇ ಹೋಗಲಿ, ಸಿಮ್ಯುಲೇಷನ್ (ಪ್ರಯೋಗವನ್ನು ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ನೋಡೋದು) ಬರೀ ಪರದೆ ಮೇಲಿನ ಆಟ ಅಂತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನನಗೇನೋ ಒಪ್ಪಿಗೆಯಾಗಲಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನೊಹಬ್ ಅನ್ನೋ ಜಾಲತಾಣ ನೋಡಿ. 2002ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕೊಟ್ಟ ಅನುದಾನದಿಂದ ಬೆಳೆದದ್ದು. ಸಂಶೋಧಕರು ಬರೆದ ಸಿಮ್ಯುಲೇಷನ್‌ಗಳನ್ನು ಬ್ರೌಸರ್‌ನಲ್ಲೇ ಯಾರು ಬೇಕಾದರೂ ಓಡಿಸಬಹುದು, ಪುಕ್ಕಟೆ. ನಾನು ಪಾಠ ಮಾಡೋದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ನ್ಯಾನೊ ಪ್ರಯೋಗಕ್ಕೆ ಬೇಕಾದ ಧೂಳಿಲ್ಲದ ಕ್ಲೀನ್‌ರೂಮ್ ನಮ್ಮಲ್ಲಿಲ್ಲ; ನಮಗೆ ಕ್ಲೀನ್‌ರೂಮ್ ಅಂದ್ರೆ ಗುಡಿಸಿ ಒರೆಸಿದ ಕೋಣೆ, ಅಷ್ಟೇ! ಆದರೆ ನ್ಯಾನೊಹಬ್‌ನ ಕಾರ್ಬನ್ ನ್ಯಾನೊಟ್ಯೂಬ್ ಟೂಲ್‌ನಲ್ಲಿ, ಇಂಗಾಲದ ಹಾಳೆಯನ್ನು ನಳಿಕೆಯಾಗಿ ಹೇಗೆ ಸುತ್ತಬೇಕು ಅಂತ ಹೇಳೋ ಎರಡು ಅಂಕಿಗಳನ್ನು ಮಕ್ಕಳು 10, 10 ಅಂತ ಒತ್ತಿದರೆ ಲೋಹದಂತೆ ವಿದ್ಯುತ್ ಹರಿಸೋ ನಳಿಕೆ ಬರುತ್ತೆ. ಎರಡನೇ ಅಂಕಿಯನ್ನು ಸೊನ್ನೆ ಮಾಡಿದರೆ ಎಲೆಕ್ಟ್ರಾನ್ ಶಕ್ತಿಯ ಗ್ರಾಫ್‌ನ ಗೆರೆಗಳು ಬಿಟ್ಟುಕೊಂಡು ನಡುವೆ ಸಂದು ಕಾಣುತ್ತೆ. ಅದೇ ಇಂಗಾಲ, ಸುತ್ತಿದ ರೀತಿ ಬೇರೆಯಾಗಿದ್ದಕ್ಕೆ ಅರೆವಾಹಕ. ಹಿಂದಿನ ಬೆಂಚಿನ ಹುಡುಗ ಎದ್ದು ಬಂದು ನೋಡಿದ್ದು ಅವತ್ತೇ.

ನಮ್ಮಲ್ಲಿ ಯಂತ್ರಕ್ಕೆ ದುಡ್ಡಿಲ್ಲ ಅಂತಲ್ಲ. 2015ರ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ 4,500 ಕೋಟಿ ರೂಪಾಯಿ ಮಂಜೂರಾಗಿತ್ತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 3.3 ಪೆಟಾಫ್ಲಾಪ್‌ನ, ಅಂದರೆ ಸೆಕೆಂಡಿಗೆ ಕೋಟ್ಯಂತರ ಕೋಟಿ ಲೆಕ್ಕ ಮಾಡಬಲ್ಲ, ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆ. ದುಡ್ಡಿನ ಕೊರತೆ ಇರೋದು ಕೋಡ್ ಕಾಯೋ, ಅಂದರೆ ಬರೆದ ಪ್ರೋಗ್ರಾಂ ಕೆಡದಂತೆ ನೋಡಿಕೊಳ್ಳೋ ಜನರಿಗೆ. ನಾನು ಪಿಎಚ್‌ಡಿ ಮಾಡುವಾಗ ನಮ್ಮ ಗುಂಪಿನ ಹಿರಿಯರೊಬ್ಬರು ನಾಲ್ಕು ವರ್ಷ ಕೂತು ಒಂದು ಪ್ರೋಗ್ರಾಂ ಬರೆದರು. ಕೆಲಸ ಸಿಕ್ಕಿ ಹೋದರು. ಆಮೇಲೆ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ತಂತ್ರಾಂಶ) ಬದಲಾಯಿತು, ಪ್ರೋಗ್ರಾಂ ಓಡಲಿಲ್ಲ, ದುರಸ್ತಿಗೆ ಅನುದಾನದಲ್ಲಿ ಕಾಲಂ ಇರಲಿಲ್ಲ. ನಾನು ಮೊದಲಿಂದ ಬರೆದೆ. ಅದೂ ಈಗ ಯಾವುದೋ ಪೆನ್‌ಡ್ರೈವ್‌ನಲ್ಲಿ ಬಿದ್ದಿದೆ.