ಎಲ್ಲ ಇದೆ ಸಿಸ್ಟರ್, ಪೋಸ್ಟ್ ಒಂದಿಲ್ಲ

ಮೇ 12ರ ಫೋಟೊ ನೀವೂ ನೋಡಿರುತ್ತೀರಿ. ನೋಡಿಲ್ಲವೇ? ಹೋದ ವರ್ಷದ್ದನ್ನೇ ತೆಗೆದು ನೋಡಿಕೊಳ್ಳಿ, ವ್ಯತ್ಯಾಸವೇನಿಲ್ಲ. ವೇದಿಕೆ ಮೇಲೆ ಸಾಲಾಗಿ ಕುರ್ಚಿ, ನಡುವೆ ಮಾನ್ಯರು, ಆಚೀಚೆ ಡಾಕ್ಟರುಗಳು. ನರ್ಸ್ ದಿನಾಚರಣೆಯಲ್ಲಿ ನರ್ಸ್ ಒಬ್ಬರಾದರೂ ಇರಲಿ ಎಂದು ನರ್ಸಿಂಗ್ ಸೂಪರಿಂಟೆಂಡೆಂಟ್ ತುದಿಯ ಕುರ್ಚಿಯಲ್ಲಿ, ಅರ್ಧ ಭುಜ ಫೋಟೊದಿಂದ ಆಚೆ. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆ, ಕೇಕ್ ಹಂಚುವುದು ನರ್ಸುಗಳ ಪಾಲು. ಭಾಷಣ ಉಳಿದವರ ಪಾಲು. ‘ನೀವು ಬಿಳಿ ಉಡುಪಿನ ದೇವತೆಗಳು’ ಎಂಬ ಮಾತು ಪ್ರತಿ ಭಾಷಣದಲ್ಲೂ ಬರಲೇಬೇಕು. ದೇವತೆಗಳಿಂದ ಆಡಳಿತಕ್ಕೆ ದೊಡ್ಡ ಅನುಕೂಲವಿದೆ: ಬಡ್ತಿ ಕೇಳುವುದಿಲ್ಲ, ಹಬ್ಬದ ರಜೆ ಕೇಳುವುದಿಲ್ಲ, ಹೂವು ಹಾಕಿದರೆ ಸಾಕು. ಅದನ್ನೂ 2020ರ ಮೇ 3ರಂದು ಹೆಲಿಕಾಪ್ಟರಿನಿಂದಲೇ ಸುರಿದಾಗಿದೆ. ಕೆಳಗೆ ನಿಂತಿದ್ದ ಎಷ್ಟೋ ನರ್ಸುಗಳಿಗೆ ಆ ದಿನಗಳಲ್ಲಿ ಬಾಡಿಗೆ ಮನೆಯವರು ‘ಬೇರೆ ಕಡೆ ನೋಡ್ಕೊಳಿ’ ಅಂದಿದ್ದರು ಎನ್ನುವುದು ಮೇಲಿನಿಂದ ಕಾಣಿಸುವ ವಿಷಯವಲ್ಲ.

ದೀಪದ್ದೂ ಒಂದು ಕಥೆ. ವೇದಿಕೆ ಮೇಲೆ ಬೆಳಗುವ, ಬ್ಯಾಡ್ಜಿನ ಮೇಲೆ ಅಚ್ಚಾಗುವ ಆ ಕೊಕ್ಕಿನ ದೀಪವನ್ನು ಉಜ್ಜಿದರೆ ಭೂತ ಬರಬಹುದೇನೋ, ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅಂತೂ ಬರುವುದಿಲ್ಲ. ಕ್ರಿಮಿಯಾ ಯುದ್ಧಕಾಲದಲ್ಲಿ ಆಕೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಹಿಡಿದು ಓಡಾಡಿದ್ದು ತುರ್ಕಿಯವರ ಮಡಚುವ ಲಾಂದ್ರವನ್ನು. ಅದಿರಲಿ, ಆಕೆಯ ನಿಜವಾದ ಆಯುಧ ಲಾಂದ್ರವೂ ಅಲ್ಲ, ಅಂಕಿಅಂಶ. ಗಾಯಕ್ಕಿಂತ ಕೊಳಕಿನಿಂದ ಸತ್ತ ಸೈನಿಕರೇ ಹೆಚ್ಚೆಂದು ಲೆಕ್ಕ ಹಾಕಿ, ಚಿತ್ರ ಬರೆದು, ಮಂತ್ರಿಗಳ ಮುಂದೆ ಹಿಡಿದಳು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ಸದಸ್ಯೆ ಮಾಡಿಕೊಂಡಿತು. ಇವತ್ತು ಯಾವ ನರ್ಸಾದರೂ ತನ್ನ ವಾರ್ಡಿನ ಸಾವುಗಳ ಲೆಕ್ಕ ಬರೆದು ಮಂತ್ರಿಗೆ ಕಳಿಸಲಿ ನೋಡೋಣ. ಸಂಜೆಯೊಳಗೆ ನೋಟಿಸು ಕೈಯಲ್ಲಿರುತ್ತದೆ.

ಈಗ ನರ್ಸ್ ಪ್ರಾಕ್ಟೀಷನರ್, ಅಂದರೆ ಹೆಚ್ಚಿನ ಓದು ಮುಗಿಸಿ ರೋಗಿಯನ್ನು ತಾನೇ ಪರೀಕ್ಷಿಸಿ ಚಿಕಿತ್ಸೆ ಕೊಡಬಲ್ಲ ನರ್ಸ್, ಎಂಬ ಹೊಸ ಗೌರವದ ವಿಷಯ. ಅಮೆರಿಕದಲ್ಲಿ ಇದು 1965ರಲ್ಲೇ, ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ, ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಶುರುಮಾಡಿದ್ದು. ಅರ್ಧ ಶತಮಾನ ಯೋಚಿಸಿ ನಾವೂ ಒಪ್ಪಿಕೊಂಡೆವು. ಭಾರತೀಯ ನರ್ಸಿಂಗ್ ಪರಿಷತ್ತು ಐಸಿಯು ರೋಗಿಗಳಿಗೆಂದು ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ತಂದಿತು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ವಾರ್ಡಿನಲ್ಲಿ ದುಡಿದು ಬಂದವರಿಗೆ ಮಾತ್ರ ಪ್ರವೇಶ. ವೆಂಟಿಲೇಟರ್, ಎಬಿಜಿ ಎಂಬ ರಕ್ತದ ಅನಿಲ ಪರೀಕ್ಷೆ, ಲಾಗ್‌ಬುಕ್, ಸ್ಟ್ಯಾಂಡಿಂಗ್ ಆರ್ಡರ್, ಪ್ರೋಟೊಕಾಲ್, ಒಂದೂ ಬಿಟ್ಟಿಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೆರಿಗೆಗೆಂದೇ ಹದಿನೆಂಟು ತಿಂಗಳ ತರಬೇತಿಯ ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್‌ಗಳ ಮಾರ್ಗಸೂಚಿ ಹೊರಡಿಸಿತು. ತೆಲಂಗಾಣ ಅದಕ್ಕೂ ಮೊದಲೇ ಕರೀಂನಗರದಲ್ಲಿ ತರಬೇತಿ ಶುರುಮಾಡಿತ್ತು. ಪಠ್ಯಕ್ರಮ ಇದೆ, ಪರೀಕ್ಷೆ ಇದೆ, ಘಟಿಕೋತ್ಸವದ ಗೌನೂ ಇದೆ. ಬಹುತೇಕ ರಾಜ್ಯಗಳ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಮಾತ್ರ ಇಲ್ಲ. ಹುದ್ದೆಯಿಲ್ಲವೆಂದ ಮೇಲೆ ವೇತನ ಶ್ರೇಣಿಯೂ ಇಲ್ಲ. ಹಾಗಾಗಿ ಎರಡು ವರ್ಷ ಓದಿ ಬಂದವರು ಮರಳಿ ಅದೇ ಸ್ಟಾಫ್ ನರ್ಸ್ ರಿಜಿಸ್ಟರಿನಲ್ಲಿ ಅದೇ ಸಾಲಿಗೆ ಸಹಿ ಹಾಕುತ್ತಾರೆ.

ಅಂಥವರು ಮಾಡುವ ಕೆಲಸ ಎಂಥದ್ದು ನೋಡಿ. ಐಸಿಯುನಲ್ಲಿ ರಾತ್ರಿ ಮೂರು ಗಂಟೆ. ರೋಗಿಯ ಬಿಪಿ ನಿಂತಿರುವುದೇ ರಕ್ತನಾಳ ಬಿಗಿಸುವ ನಾರ್‌ಅಡ್ರಿನಾಲಿನ್ ಎಂಬ ಔಷಧದ ಮೇಲೆ. 4 ಮಿಲಿಗ್ರಾಂ ಔಷಧವನ್ನು 50 ಎಂ.ಎಲ್. ಆಗುವಂತೆ ಸಿರಿಂಜಿಗೆ ತುಂಬಿದರೆ ಒಂದು ಎಂ.ಎಲ್.ನಲ್ಲಿ 80 ಮೈಕ್ರೋಗ್ರಾಂ. 50 ಕೆ.ಜಿ. ತೂಕದವರಿಗೆ ನಿಮಿಷಕ್ಕೆ, ಕೆ.ಜಿ.ಗೆ 0.1 ಮೈಕ್ರೋಗ್ರಾಂ ಹೋಗಬೇಕೆಂದರೆ ಸಿರಿಂಜನ್ನು ಮೆಲ್ಲಗೆ ತಳ್ಳುವ ಪಂಪ್ ಗಂಟೆಗೆ 3.75 ಎಂ.ಎಲ್.ಗೆ ನಿಲ್ಲಬೇಕು. ಈ ಔಷಧದ ಪ್ರಭಾವ ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷ. ಸಿರಿಂಜು ಪೂರ್ತಿ ಖಾಲಿಯಾದ ಮೇಲೆ ಹೊಸದು ತುಂಬುತ್ತ ಕೂತರೆ ಅಷ್ಟರಲ್ಲಿ ಬಿಪಿ ನೆಲ ಕಚ್ಚಿರುತ್ತದೆ. ಅದಕ್ಕೇ ಹಳೆಯದು ಓಡುತ್ತಿರುವಾಗಲೇ ಎರಡನೇ ಪಂಪ್ ಸಿದ್ಧವಿರಬೇಕು. ಪಂಪಿನ ಯಂತ್ರದೊಳಗೆ ತುಸು ಸಡಿಲ ಇರುತ್ತದೆ. ರೋಗಿಗೆ ಜೋಡಿಸುವ ಮುನ್ನ ನಳಿಕೆ ತುಂಬಿಸುವ ಪರ್ಜ್ ಗುಂಡಿ ಒತ್ತಿ ಅದರ ತುದಿಯಲ್ಲಿ ಹನಿ ಕಾಣದಿದ್ದರೆ, ಪರದೆ ಮೇಲೆ 3.75 ಎಂದು ತೋರಿಸುತ್ತಲೇ ಎಷ್ಟೋ ಹೊತ್ತು ಏನೂ ಒಳಗೆ ಹೋಗುವುದಿಲ್ಲ. ಹೊಸ ಪಂಪಿನ ಔಷಧ ತಲುಪಿ ಬಿಪಿ ಸ್ವಲ್ಪ ಏರಿದ್ದು ಕಂಡ ಮೇಲೆ ಹಳೆಯದನ್ನು ಇಳಿಸುತ್ತ ನಿಲ್ಲಿಸಬೇಕು. ಆ ಲೈನಿಗೆ ಅಭ್ಯಾಸಬಲದಿಂದ ಸಲೈನ್ ಫ್ಲಶ್ ಕೊಟ್ಟರೆ ನಳಿಕೆಯಲ್ಲಿ ಉಳಿದದ್ದೆಲ್ಲ ಒಮ್ಮೆಲೇ ನುಗ್ಗಿ ಬಿಪಿ ಇನ್ನೂರು ದಾಟಬಹುದು.

ಇಷ್ಟನ್ನು ಮಾಡಿದವರಿಗೆ ಬೆಳಗ್ಗೆ ಏನು ಕೆಲಸ? ಬೆಡ್‌ಶೀಟ್ ಎಣಿಕೆ. ದೋಬಿಗೆ ಹೋದದ್ದು ಇಷ್ಟು, ಬಂದದ್ದು ಇಷ್ಟು, ಹರಿದದ್ದು ಇಷ್ಟು. ಹರಿದದ್ದನ್ನು ಎಸೆಯುವಂತಿಲ್ಲ. ಕಂಡೆಮ್ನೇಷನ್ ಸಮಿತಿ ಬಂದು, ಇದು ಹರಿದಿದೆ ಎಂದು ಒಪ್ಪಿ, ಸಹಿ ಹಾಕುವವರೆಗೆ ಅದನ್ನು ಗಂಟು ಕಟ್ಟಿ ಬೀರುವಿನ ಮೇಲಿಟ್ಟು ಕಾಯಬೇಕು. ಸಮಿತಿ ಯಾವಾಗ ಬರುತ್ತದೆ ಎಂದು ಕೇಳಬೇಡಿ. ಒಂದು ಕಡಿಮೆ ಬಿದ್ದರೆ ಇನ್‌ಚಾರ್ಜ್ ಸಿಸ್ಟರ್ ಕೈಯಿಂದ ಕಟ್ಟಬೇಕು. ಥರ್ಮಾಮೀಟರ್ ಒಡೆದರೂ ಅಷ್ಟೆ. ಲಕ್ಷಗಟ್ಟಲೆ ಬೆಲೆಯ ವೆಂಟಿಲೇಟರು ಬಿಡಿಭಾಗವಿಲ್ಲದೆ ಮೂಲೆ ಸೇರಿದರೆ ಯಾರ ಕೈಯಿಂದಲೂ ಏನೂ ಹೋಗುವುದಿಲ್ಲ, ಅದು ವ್ಯವಸ್ಥೆಯ ಲೋಪ.

ಇನ್ನು ಫೋನ್ ಆರ್ಡರು. ನಿಯಮ ಬಹಳ ಚೆನ್ನಾಗಿದೆ: ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ನರ್ಸ್ ಬರೆದುಕೊಂಡು ಓದಿ ಹೇಳಬೇಕು, ಸಮಯ ನಮೂದಿಸಬೇಕು, ಡಾಕ್ಟರು ಬಂದು ಸಹಿ ಹಾಕಬೇಕು. ವಾರ್ಡಿನಲ್ಲಿ ನಡೆಯುವುದು ಬೇರೆ: ‘ಪೊಟ್ಯಾಶಿಯಂ ಒಂದು ಆಂಪ್ಯೂಲ್ ಕೊಡಿ ಸಿಸ್ಟರ್’, ಫೋನ್ ಕಟ್. 10 ಎಂ.ಎಲ್.ನ ಆ ಆಂಪ್ಯೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣ ಅಳೆಯುವ ಮಾನ) ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ಡ್ರಿಪ್ಪಿನಲ್ಲಿ ಬೆರೆಸಿ, ಕೈಯ ನಾಳಕ್ಕಾದರೆ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಒಳಗೆ ಹೋದರೆ ಅದು ಚಿಕಿತ್ಸೆ. ನೇರ ನಾಳಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಹೊಸ ಇಂಟರ್ನ್ ಅದನ್ನು ಸಿರಿಂಜಿಗೆ ಎಳೆದುಕೊಂಡು ಹೊರಟಾಗ ಮೆಲ್ಲಗೆ ಪಕ್ಕಕ್ಕೆ ಕರೆದು ‘ಸರ್, ಡ್ರಿಪ್ಪಿಗೆ ಹಾಕೋಣ್ವಾ?’ ಎಂದು ಪ್ರಶ್ನೆಯ ರೂಪದಲ್ಲಿ ಆಜ್ಞೆ ಕೊಡುವ ಕಲೆ ಯಾವ ಪಠ್ಯಕ್ರಮದಲ್ಲೂ ಇಲ್ಲ. ಆ ವಾಕ್ಯದಿಂದ ಉಳಿದ ಜೀವಗಳು ಕೇಸ್‌ಶೀಟಿನಲ್ಲಿ ದಾಖಲಾಗುವುದಿಲ್ಲ. ಎಡವಟ್ಟಾದರೆ ಮಾತ್ರ ಮೊದಲು ಹುಡುಕುವುದು ‘ಡ್ಯೂಟಿಯಲ್ಲಿ ಯಾವ ಸಿಸ್ಟರ್ ಇದ್ದಿದ್ದು?’ (ಮೂವತ್ತಾರು ಗಂಟೆ ನಿಂತೇ ಇರುವ ಆ ಇಂಟರ್ನ್ ಹುಡುಗನ ಮೇಲೆ ನಮಗೆ ಕೋಪವಿಲ್ಲ. ಅವನನ್ನು ಹಾಗೆ ನಿಲ್ಲಿಸಿದವರು ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ.)

ನರ್ಸ್ ಔಷಧ ಬರೆದುಬಿಟ್ಟರೆ ದೇಶದ ಗತಿಯೇನು ಎಂಬ ಚಿಂತೆಯೂ ದೊಡ್ಡದು. 2019ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಮಸೂದೆಯ 32ನೇ ಸೆಕ್ಷನ್ನಿನಲ್ಲಿ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಲೈಸೆನ್ಸ್ ಎಂದು ಒಂದು ಸಾಲು ಬಂದದ್ದಕ್ಕೆ ಜುಲೈ 31ರಂದು ದೇಶಾದ್ಯಂತ ವೈದ್ಯರ ಮುಷ್ಕರವಾಯಿತು. ಅರೆಬೆಂದ ತರಬೇತಿಯವರಿಗೆ ಲೈಸೆನ್ಸ್ ಕೊಡಬಾರದೆಂಬ ಅವರ ವಾದದಲ್ಲಿ ಹುರುಳಿದೆ, ಒಪ್ಪೋಣ. ಆದರೆ ಮೂಲೆಯ ಮೆಡಿಕಲ್ ಸ್ಟೋರಿನ ಹುಡುಗ ಚೀಟಿ ಕೇಳದೆ ಆಂಟಿಬಯಾಟಿಕ್ ಅಜಿತ್ರೋಮೈಸಿನ್ 500 ಮೂರು ಮಾತ್ರೆ ಕತ್ತರಿಸಿ ಕೊಡುತ್ತಾನಲ್ಲ, ಅವನ ವಿರುದ್ಧ ಮುಷ್ಕರ ಯಾವತ್ತು? ಐಸಿಯುನಲ್ಲಿ ರೋಗಿಯನ್ನು ವೆಂಟಿಲೇಟರಿನಿಂದ ಬಿಡಿಸಲು ಕಲಿತವರು ಮಾತ್ರ ಪ್ಯಾರಾಸಿಟಮಾಲ್ ಕೊಡಲು ಆರ್ಡರಿಗೆ ಕಾಯಬೇಕು. ಬ್ರಿಟನ್ನಿನಲ್ಲಿ ತರಬೇತಾದ ನರ್ಸುಗಳು ಸ್ವತಂತ್ರವಾಗಿ ಔಷಧ ಬರೆಯಲು 2006ರಲ್ಲೇ ಬಾಗಿಲು ಅಗಲವಾಗಿ ತೆರೆಯಿತು. ಆ ದೇಶ ಇನ್ನೂ ಮುಳುಗಿಲ್ಲ.

‘ಡಾ.’ ವಿಷಯ ಬಿಟ್ಟರೆ ಪಾಪ ಬಂದೀತು. ನಮ್ಮ ಊರುಗಳ ಫ್ಲೆಕ್ಸ್ ಬ್ಯಾನರುಗಳಲ್ಲಿ ಡಾಕ್ಟರೇಟ್ ಇಲ್ಲದ ಸಮಾಜಸೇವಕ ಈಗ ಅಪರೂಪ. ವಿಳಾಸವಿಲ್ಲದ ವಿಶ್ವವಿದ್ಯಾಲಯ, ಬಾಡಿಗೆ ಗೌನು, ತಾರಾ ಹೋಟೆಲಿನಲ್ಲಿ ಘಟಿಕೋತ್ಸವ, ಮರುದಿನವೇ ವೃತ್ತದಲ್ಲಿ ಅಭಿನಂದನೆ. ಒಬ್ಬರೂ ಆಕ್ಷೇಪಿಸುವುದಿಲ್ಲ. ಆದರೆ ನರ್ಸಿಂಗ್‌ನಲ್ಲಿ ಪಿಎಚ್‌.ಡಿ. ಮಾಡಿದವರು ಹೆಸರಿನ ಫಲಕದಲ್ಲಿ ‘ಡಾ.’ ಹಾಕಿಕೊಂಡರೆ ರೋಗಿಗಳಿಗೆ ಗೊಂದಲವಾಗುತ್ತದಂತೆ. 2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೊಥೆರಪಿಸ್ಟ್‌ಗಳು ‘ಡಾ.’ ಬಳಸಬಾರದೆಂದು ಪತ್ರ ಬರೆಯಿತು. 10ರಂದು ಆ ಪತ್ರವನ್ನೇ ಹಿಂಪಡೆಯಿತು. ಸರ್ಕಾರಿ ಕಡತ ಇಷ್ಟು ವೇಗವಾಗಿ ಓಡಿದ್ದನ್ನು ಕಂಡು, ನರ್ಸ್ ಹುದ್ದೆಯ ಕಡತಕ್ಕೂ ಆ ಕಾಲುಗಳನ್ನೇ ಜೋಡಿಸಬಾರದೇಕೆ ಅನ್ನಿಸಿತು.

ಸಂಬಳದ ಕಡತವಂತೂ ಹಳೆಯದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಕೇಂದ್ರ ಸಮಿತಿ ಮಾಡಿತು, ಸಮಿತಿ ಲೆಕ್ಕ ಕೊಟ್ಟಿತು: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ 20,000 ರೂಪಾಯಿಗಿಂತ ಇಳಿಯಬಾರದು. ಸಮಿತಿಯ ಶಿಫಾರಸು ರಾಜ್ಯಗಳಿಗೆ ಹೋಯಿತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದ ಮೇಲೆ 2018ರಲ್ಲಿ ಕನಿಷ್ಠ ವೇತನದ ಆದೇಶ ಬಂತು. ಇಲ್ಲಿ ಯಾವುದಾದರೂ ಸಣ್ಣ ನರ್ಸಿಂಗ್ ಹೋಮಿನ ಸಿಸ್ಟರನ್ನು ಈ 20,000ದ ಬಗ್ಗೆ ಕೇಳಿ ನೋಡಿ. ನಕ್ಕುಬಿಡುತ್ತಾರೆ.

ತಮಾಷೆ ಸಾಕು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ ನರ್ಸಾದ ಅರುಣಾ ಶಾನಭಾಗ 1973ರ ನವೆಂಬರ್ 27ರಂದು ಕೆಇಎಂ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಯಾಕಿದ್ದರು? ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋಗಿದ್ದರು. ಅಲ್ಲೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಎರಗಿದ, ಅವರು ಮತ್ತೆ ಹಾಸಿಗೆಯಿಂದ ಏಳಲಿಲ್ಲ. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, 2015ರ ಮೇ 18ರವರೆಗೆ, ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸುಗಳು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ಡಾಕ್ಟರು ಸೆಮಿನಾರ್ ಹಾಲಿನಲ್ಲಿ ಮಲಗಿದ್ದರು. ಅರ್ಧ ಶತಮಾನದಲ್ಲಿ ನಮ್ಮ ಆಸ್ಪತ್ರೆಗಳಿಗೆ ರೋಬಾಟಿಕ್ ಸರ್ಜರಿ ಬಂತು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಬರಲಿಲ್ಲ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾಯ್ದೆ ಇದೆ. ರಾತ್ರಿ ನಲವತ್ತು ರೋಗಿಗಳ ವಾರ್ಡಿನಲ್ಲಿ ಒಬ್ಬಳೇ ನಿಂತಿರುವ ಹುಡುಗಿಯ ಕೆನ್ನೆಗೆ ಬೀಳುವ ಏಟನ್ನು ಗೋಡೆಗೆ ಅಂಟಿಸಿದ ಆ ಕಾಯ್ದೆಯ ಪೋಸ್ಟರು ತಡೆದದ್ದಿಲ್ಲ. ಬೋಧಕ ಆಸ್ಪತ್ರೆಯಲ್ಲಿ ಮೂವರು ರೋಗಿಗೆ ಒಬ್ಬ ನರ್ಸ್, ಉಳಿದ ಕಡೆ ಐವರಿಗೆ ಒಬ್ಬರು ಎಂದು ಭಾರತೀಯ ನರ್ಸಿಂಗ್ ಪರಿಷತ್ತು ಬರೆದಿಟ್ಟಿದೆ. ಬರೆದಿಟ್ಟವರು ಒಂದು ರಾತ್ರಿ ಬಂದು ಎಣಿಸಲಿ.

ಕೊನೆಗೆ ಸಿಸ್ಟರ್ ಏನು ಮಾಡುತ್ತಾರೆ? ಜರ್ಮನ್ ಕಲಿಯುತ್ತಾರೆ. ಕಲಿಸಲು ಸರ್ಕಾರದ ಕೌಶಲ್ಯ ನಿಗಮವೇ ಮುಂದೆ ನಿಂತಿದೆ, ಈ ಒಂದು ಯೋಜನೆಯಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ನೈಟ್ ಡ್ಯೂಟಿ ಮುಗಿಸಿ ಡೆರ್, ಡೀ, ದಾಸ್ ಬಾಯಿಪಾಠ ಮಾಡಿ, ಪರೀಕ್ಷೆ ಪಾಸಾಗಿ, ರಾಜ್ಯ ನರ್ಸಿಂಗ್ ಪರಿಷತ್ತಿನಿಂದ, ನೋಂದಣಿ ಸರಿಯಿದೆ ಎನ್ನುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ. ಇವರ ವೃತ್ತಿ ಗೌರವಾರ್ಹವಾಗಿದೆ ಎಂದು ನಮ್ಮವರು ಸೀಲು ಹೊಡೆದು ಒಪ್ಪಿಕೊಳ್ಳುವುದು ಹೊರದೇಶದವರು ಕೇಳಿದಾಗ. ರಾಜೀನಾಮೆ ಅಂಗೀಕಾರವಾಗಲು ಇನ್ನೊಂದು ಕಾಗದ ಬೇಕು, ಬಾಕಿ ಏನೂ ಇಲ್ಲವೆಂಬ ನೋ ಡ್ಯೂ. ಅದರಲ್ಲಿ ಐಸಿಯು ಸಿಸ್ಟರ್ ಹೆಸರಿನ ಮುಂದೆ ‘ಬೆಡ್‌ಶೀಟ್ 2, ಕಡಿಮೆ’ ಎಂದಿದೆ. ಕೊನೆಯ ಸಂಬಳದಲ್ಲಿ ಹಿಡಿದುಕೊಳ್ಳಲಾಗುವುದು.