ಆ ಒಂದು ಸಾಲನ್ನು ಮೊದಲು ಅಳಿಸಿ

ಇವತ್ತು ಮತ್ತೆ ಅದೇ ಸಾಲು ಕಣ್ಣಿಗೆ ಬಿತ್ತು. ಇಸ್ರೋದ ಸೌರನೌಕೆ ಆದಿತ್ಯ-ಎಲ್1ರ ಸೂಟ್ ಉಪಕರಣದ (ನೇರಳಾತೀತ ದೂರದರ್ಶಕ) ಚಿತ್ರ, ಅದರ ಮೇಲೆ ಭೂಮಿಯನ್ನು ಸುತ್ತುವ ನಾಸಾದ ಎಸ್‌ಡಿಒ ನೌಕೆಯ ಏಐಎ ಉಪಕರಣ ತೆಗೆದ ಸೂರ್ಯಚಿತ್ರದ ಕಾಂಟೂರ್ ಗೆರೆಗಳು (ಒಂದೇ ಹೊಳಪಿನ ಜಾಗಗಳನ್ನು ಕೂಡಿಸುವ ಗೆರೆಗಳು). ಸೂರ್ಯಬಿಂಬದ ನಡುವೆ ಎರಡೂ ಸುಮಾರಾಗಿ ಕೂತಿವೆ, ಅಂಚಿನ ಕಡೆ ಹೋದಹಾಗೆ ಗೆರೆ ಜಾರಿದೆ. ಕೆಳಗೆ ಷರಾ: 'ಸನ್‌ಪೈ ಜೋಡಣೆ ನಂಬುವಂತಿಲ್ಲ'. ಸನ್‌ಪೈ ಅಂದರೆ ಸೂರ್ಯನ ಚಿತ್ರಗಳನ್ನು ಓದಿ ಹೊಂದಿಸುವ ಪೈಥಾನ್ ತಂತ್ರಾಂಶ. ಆ ಚಿತ್ರ ಮಾಡಿದ ಪೈಥಾನ್ ನೋಟ್‌ಬುಕ್ಕಿನ ಮೊದಲ ಸೆಲ್ಲಿನಲ್ಲೇ ಇದೆ, ಎಲ್ಲ ವಾರ್ನಿಂಗನ್ನೂ ಅಡಗಿಸುವ ಆ ಸಾಲು: ವಾರ್ನಿಂಗ್ಸ್.ಫಿಲ್ಟರ್‌ವಾರ್ನಿಂಗ್ಸ್("ಇಗ್ನೋರ್").

ಸನ್‌ಪೈ ಹೇಳಿತ್ತು. ಬಾಯಿ ಮುಚ್ಚಿಸಿದ್ದು ನಾವು.

ಏನಾಗಿದೆ ಅಂತ ಬಿಡಿಸಿ ಹೇಳುತ್ತೇನೆ. ಫಿಟ್ಸ್ ಫೈಲಿನ (ಖಗೋಳ ಚಿತ್ರಗಳ ಫೈಲ್) ಹೆಡರಿನಿಂದ, ಅಂದರೆ ಚಿತ್ರದ ವಿವರಗಳ ಪಟ್ಟಿಯಿಂದ, ತಮಗೆ ಬೇಕಾದ ನಾಲ್ಕೈದು ಕೀಗಳನ್ನಷ್ಟೇ ಎತ್ತಿಕೊಂಡು ಹೊಸ ಮ್ಯಾಪ್ (ಸನ್‌ಪೈನಲ್ಲಿ ಚಿತ್ರ ಮತ್ತು ಹೆಡರ್ ಸೇರಿದ್ದು) ಮಾಡಿದ್ದಾರೆ. ನೌಕೆ ಎಲ್ಲಿದೆ ಅನ್ನುವ ಡಿಸನ್_ಒಬಿಎಸ್, ಹೆಚ್‌ಜಿಎಲ್‌ಎನ್_ಒಬಿಎಸ್, ಹೆಚ್‌ಜಿಎಲ್‌ಟಿ_ಒಬಿಎಸ್ ಮೂರೂ ಬಿಟ್ಟುಹೋಗಿವೆ. ಆಗ ಸನ್‌ಪೈ, ನೋಡಿದವರು ಭೂಮಿಯಲ್ಲಿದ್ದಾರೆ ಎಂದು ಊಹಿಸಿಕೊಳ್ಳುತ್ತದೆ. ಸುಮ್ಮನೆ ಊಹಿಸುವುದಿಲ್ಲ, ವಾರ್ನಿಂಗ್ ಕೊಟ್ಟೇ ಊಹಿಸುತ್ತದೆ.

ಆದಿತ್ಯ ಇರುವ ಎಲ್1 ಬಿಂದು ನಮಗಿಂತ ಸುಮಾರು 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿದೆ, ಅಂದರೆ ಒಟ್ಟು ದೂರದ ಶೇ. 1. ಅಲ್ಲಿಂದ ಸೂರ್ಯಬಿಂಬವೂ ಶೇ. 1ರಷ್ಟು ದೊಡ್ಡದಾಗಿ ಕಾಣುತ್ತದೆ. ಇಲ್ಲಿಂದ ತ್ರಿಜ್ಯ 960 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ಇದ್ದರೆ ಅಲ್ಲಿಂದ ಸುಮಾರು 970. ಅಂಚಿನಲ್ಲಿ ಹತ್ತು ಆರ್ಕ್‌ಸೆಕೆಂಡ್ ವ್ಯತ್ಯಾಸ. ಏಐಎ ಪಿಕ್ಸೆಲ್ 0.6 ಆರ್ಕ್‌ಸೆಕೆಂಡ್, ಹಾಗಾಗಿ 16 ಪಿಕ್ಸೆಲ್ ಆಚೆ. ಸೂರ್ಯನ ಮೇಲೆ ಅದು 7,000 ಕಿ.ಮೀ., ಭೂಮಿಯ ವ್ಯಾಸದ ಅರ್ಧಕ್ಕಿಂತ ಹೆಚ್ಚು! ಇದಕ್ಕೆ ಸನ್‌ಪೈ ಹೊಣೆಯೇ?

ಮದ್ದು ಸಣ್ಣದು. ಹೆಡರನ್ನು ಕೈಯಾರೆ ಕಟ್ಟಬೇಡಿ, ಮೂಲ ಮ್ಯಾಪಿನ ಮೆಟಾವನ್ನು (ಅದರ ಹೆಡರ್ ಮಾಹಿತಿಯನ್ನು) ಪೂರ್ತಿ ನಕಲು ಮಾಡಿ. ಬೇರೇನೂ ಮಾಡುವ ಮೊದಲು ಅಬ್ಸರ್ವರ್_ಕೋಆರ್ಡಿನೇಟ್ (ನೌಕೆ ಇದ್ದ ಜಾಗ) ಪ್ರಿಂಟ್ ಮಾಡಿ ದೂರ ನೋಡಿ. ಆಮೇಲೆ ರೀಪ್ರಾಜೆಕ್ಟ್_ಟು ಬಳಸಿ ಒಂದು ಚಿತ್ರವನ್ನು ಇನ್ನೊಂದರ ನೋಟಕ್ಕೆ ಹೊಂದಿಸಿ. ಅಂಚಿನಾಚೆಯ ಕರೋನಾ (ಸೂರ್ಯನ ಹೊರ ವಾತಾವರಣ) ಖಾಲಿಯಾಗಿ ಬಂದರೆ ಗಾಬರಿ ಬೇಡ. ಪ್ರತಿ ಬಿಂದುವೂ ಸೂರ್ಯನ ಮೇಲ್ಮೈಯಲ್ಲಿದೆ ಎಂದುಕೊಂಡು ಲೆಕ್ಕ ಹಾಕುವುದರಿಂದ ಆಚೆಯದಕ್ಕೆ ಉತ್ತರ ಸಿಗುವುದಿಲ್ಲ. ಆಚೆಯದನ್ನು ಒಂದು ಕಾಲ್ಪನಿಕ ಗೋಳದ ಮೇಲಿರಿಸುವ ಸ್ಫೆರಿಕಲ್‌ಸ್ಕ್ರೀನ್ ಬಳಸಿದರೆ ತುಂಬುತ್ತದೆ, ಆದರೆ ಅದೂ ಒಂದು ಊಹೆಯೇ ಎಂಬುದು ನೆನಪಿರಲಿ.

'ಫೈಲಿಗೊಂದು ವಾರ್ನಿಂಗ್ ಬಂದರೆ ಓದುವುದು ಹೇಗೆ?' ಅಂತ ಕೇಳುತ್ತೀರಿ, ಗೊತ್ತು. ಏಐಎ 12 ಸೆಕೆಂಡಿಗೊಂದು ಚಿತ್ರ, ಒಂದು ಚಾನೆಲ್‌ಗೆ ಗಂಟೆಗೆ 300 ಫೈಲ್. ನಿಜವೇ. ಹಾಗಂತ ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕಿಲ್ಲವಲ್ಲ! ಫಿಟ್ಸ್ ಫೈಲ್ ಓದುವ ಆಸ್ಟ್ರೋಪೈ ತಂತ್ರಾಂಶದ ವೆರಿಫೈವಾರ್ನಿಂಗ್ (ಫೈಲ್ ನಿಯಮ ತಪ್ಪಿದಾಗ ಬರುವುದು) ಕಿರಿಕಿರಿ ಮಾಡುತ್ತಿದ್ದರೆ ಒಮ್ಮೆ ಓದಿ, ಕೆಟಗರಿ ಹೆಸರಿಸಿ ಅದೊಂದನ್ನೇ ಸುಮ್ಮನಿರಿಸಿ. ಹೆಡರಿನ ಕೊರತೆ ಹೇಳುವ ಸನ್‌ಪೈಮೆಟಾಡೇಟಾವಾರ್ನಿಂಗ್‌ಗೆ ಮಾತ್ರ 'ಇಗ್ನೋರ್' ಬದಲು 'ಎರರ್' ಹಾಕಿ. ತಪ್ಪು ಹೆಡರಿನ ಫೈಲ್ ಬಂದ ಜಾಗದಲ್ಲೇ ಕೋಡ್ ನಿಲ್ಲುತ್ತದೆ.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಸನ್‌ಪೈ 2011ರಿಂದ ಸಮುದಾಯವೇ ಬೆಳೆಸಿಕೊಂಡು ಬಂದದ್ದು, 1.0 ಆವೃತ್ತಿ ಬಂದಿದ್ದು 2019ರಲ್ಲಿ. ಪ್ಲಾಸ್ಮಾ, ಬಾಹ್ಯಾಕಾಶ ವಿಜ್ಞಾನದ ಪೈಥಾನ್ ತಂತ್ರಾಂಶಗಳಾದ ಪ್ಲಾಸ್ಮಾಪೈ, ಸ್ಪೇಸ್‌ಪೈ, ಪೈಸ್ಪೆಡಾಸ್ ಎಲ್ಲವೂ ಇದೇ ದಾರಿಯವು. ಅಲ್ಲಿ ವಾರ್ನಿಂಗಿನ ಒಂದು ವಾಕ್ಯಕ್ಕೂ ಚರ್ಚೆ ಇದೆ, ಟೆಸ್ಟ್ ಇದೆ, ಬಹಳ ಸಲ ಸಂಬಳವಿಲ್ಲದೆ ಕೂತು ಬರೆದವರ ಸಂಜೆಗಳಿವೆ. ಅದನ್ನು ಓದದೆ ಮುಚ್ಚಿ, ಆಮೇಲೆ ಅವರನ್ನೇ ದೂರುವುದು ಅನ್ಯಾಯ. ಆದಿತ್ಯದ ಡೇಟಾ ಬರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಇಸ್ರೋ ಕೇಂದ್ರದಿಂದ, ಅದರ ಕರೋನಾ ನೋಡುವ ಉಪಕರಣ ವಿಇಎಲ್‌ಸಿ ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ನಮ್ಮ ಹುಡುಗ ಹುಡುಗಿಯರು ದಿನಾ ಎರಡೆರಡು ನೌಕೆಗಳ ಚಿತ್ರ ಕೂಡಿಸುವ ಕಾಲ ಇದು. ಅವರ ಕೈಗೆ ಮೊದಲು ಸಿಗುವುದೇ ಆ ಸಾಲಿರುವ ಹಳೇ ನೋಟ್‌ಬುಕ್!

ವಾರ್ನಿಂಗೇ ಬಾರದ ತಪ್ಪುಗಳು ಹೇಗೂ ಸಾಕಷ್ಟಿವೆ. ಸೌರಜ್ವಾಲೆಯ ಹೊತ್ತಲ್ಲಿ ಏಐಎ ತಾನಾಗಿ ಎಕ್ಸ್‌ಪೋಷರ್ ತಗ್ಗಿಸುತ್ತದೆ. ಎಕ್ಸ್‌ಪೋಷರ್ ಟೈಮ್‌ನಿಂದ ಭಾಗಿಸದಿದ್ದರೆ ವಿಡಿಯೊ ಮಿನುಗುತ್ತದೆ, ಅದನ್ನು ಸೂರ್ಯನ ಬೆಳಕಿನದೇ ಏರಿಳಿತ ಅಂತ ಬರೆದವರೂ ಸಿಕ್ಕಾರು. ಎಸ್‌ಡಿಒದ ಇನ್ನೊಂದು ಉಪಕರಣ ಹೆಚ್‌ಎಂಐನ ಹೆಡರಿನಲ್ಲಿರುವ ಟಿ_ರೆಕ್ ಸಮಯ ಟಿಎಐನಲ್ಲಿದೆ (ಪರಮಾಣು ಗಡಿಯಾರಗಳ ಸಮಯ). ಕೊನೆಯ 'ಟಿಎಐ' ಎಂಬ ಮೂರಕ್ಷರ ಕತ್ತರಿಸಿ ಯುಟಿಸಿ (ಜಗತ್ತಿನ ಸಾಮಾನ್ಯ ಗಡಿಯಾರದ ಸಮಯ) ಎಂದುಕೊಂಡರೆ 37 ಸೆಕೆಂಡ್ ಹೋಯಿತು, ಏಐಎ ಲೆಕ್ಕದಲ್ಲಿ ಮೂರು ಚಿತ್ರ. ಸ್ಟ್ರಿಂಗನ್ನು ಹಾಗೇ ಸನ್‌ಪೈನ ಪಾರ್ಸ್_ಟೈಮ್‌ಗೆ ಕೊಡಿ, ಅದಕ್ಕೆ ಗೊತ್ತು. ಸನ್‌ಪೈನ ಡೌನ್‌ಲೋಡ್ ಸಾಧನ ಫಿಡೊದಲ್ಲಿ ಇಳಿಸುವಾಗ ನಡುವೆ ಕೆಲವು ಫೈಲ್ ತಪ್ಪಿದರೂ ಕೋಡ್ ಮುಂದೆ ಓಡುತ್ತದೆ. ಫಲಿತಾಂಶದ ಎರರ್ಸ್ ಪಟ್ಟಿ ಖಾಲಿ ಇದೆಯೇ ನೋಡಿ, ಇಲ್ಲದಿದ್ದರೆ ಆ ಫಲಿತಾಂಶವನ್ನೇ ಮತ್ತೆ ಫೆಚ್‌ಗೆ ಕೊಡಿ. ಏಐಎ ಚಿತ್ರಗಳಿಗೆಂದೇ ಇರುವ ಏಐಎಪೈನಲ್ಲಿ ಅಪ್‌ಡೇಟ್_ಪಾಯಿಂಟಿಂಗ್ (ದೂರದರ್ಶಕದ ದಿಕ್ಕಿನ ಮಾಹಿತಿ ಸರಿಪಡಿಸುವುದು) ಮೊದಲು, ರಿಜಿಸ್ಟರ್ (ಚಿತ್ರ ತಿರುಗಿಸಿ ಅಳತೆ ಹೊಂದಿಸುವುದು) ನಂತರ, ಎರಡೂ ಪೂರ್ತಿ ಬಿಂಬದ ಚಿತ್ರದ ಮೇಲೆ. ಕತ್ತರಿಸುವುದು ಕೊನೆಗೆ.

ಇಷ್ಟೆಲ್ಲ ಮಾಡಿಯೂ ಗೆರೆ ಜಾರಿದರೆ ಆಗ ಖಂಡಿತ ದೂರಿ. ಷರಾ ಬರೆದು ಅಲ್ಲ, ಸನ್‌ಪೈನ ಗಿಟ್‌ಹಬ್ ಪುಟದಲ್ಲಿ ಇಶ್ಯೂ (ದೂರು) ತೆರೆದು. ತಪ್ಪು ಮರುಕಳಿಸುವ ಹತ್ತು ಸಾಲು ಕೋಡ್, ಒಂದು ಫೈಲ್, ಬಂದ ವಾರ್ನಿಂಗ್ ಪೂರ್ತಿಯಾಗಿ, ಜೊತೆಗೆ ಸನ್‌ಪೈ.ಸಿಸ್ಟಮ್_ಇನ್ಫೋ ತೋರಿಸುವ ಆವೃತ್ತಿಗಳ ಪಟ್ಟಿ.